ಖಾಲಿ ಗೂಡಿನ ಊರು

ಭಾವನವರ ಮೂಲಕ
ಜನವರಿ ೬

ಅಂಚೆಯಣ್ಣನವರಿಗೆ ನಮಸ್ಕಾರ.

ನನ್ನ ಗುರುತು ನಿಮಗಿಲ್ಲ. ನಿಮ್ಮ ಗುರುತು ನನಗೆ ಇಪ್ಪತ್ತೆರಡು ವರ್ಷದ್ದು. ನಾನು ಇಲ್ಲಿಯ ದೊಡ್ಡ ಅಂಚೆ ಕಚೇರಿಯಲ್ಲಿ ಮರಳಿ ಬಂದ ಪತ್ರಗಳ ವಿಭಾಗದವಳು. ವಿಳಾಸದಾರರು ಸಿಗದೆ ಹಿಂದಕ್ಕೆ ಬಂದ ಸಾದಾ ಪತ್ರಗಳನ್ನು ಊರುವಾರು ಬೇರ್ಪಡಿಸಿ ಬರೆದವರಿಗೇ ಮುಟ್ಟಿಸುವುದು ನನ್ನ ಕೆಲಸ. ನನ್ನ ಎದುರಿನ ಗೋಡೆಯಲ್ಲಿ ತೊಂಬತ್ತಾರು ಮರದ ಗೂಡುಗಳಿವೆ. ಮೇಲಿನಿಂದ ನಾಲ್ಕನೇ ಸಾಲು, ಎಡದಿಂದ ಏಳನೆಯದು ನಿಮ್ಮ ಊರಿನದು. ಇಪ್ಪತ್ತೆರಡು ವರ್ಷದಲ್ಲಿ ಆ ಗೂಡಿಗೆ ಒಂದೇ ಒಂದು ಪತ್ರವೂ ವಾಪಸು ಬಂದಿಲ್ಲ. ಸುಮ್ಮನೆ ಖಾಲಿ ಬಿಡುವುದೇಕೆ ಎಂದು ಅದರಲ್ಲಿ ನನ್ನ ಊಟದ ಡಬ್ಬಿ ಇಟ್ಟುಕೊಳ್ಳುತ್ತೇನೆ.

ವಿಷಯಕ್ಕೆ ಬರುತ್ತೇನೆ. ನಮ್ಮ ವಿಭಾಗಕ್ಕೆ ಯಂತ್ರ ಬಂದಿದೆ. ಇಪ್ಪತ್ತೈದು ವರ್ಷ ದುಡಿದವರು ಬೇಕಿದ್ದರೆ ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಳ್ಳಬಹುದಂತೆ. ನನಗೆ ಐವತ್ತೊಂದು, ಮೊದಲಿದ್ದ ವಿಭಾಗದ್ದೂ ಸೇರಿ ಸೇವೆ ಇಪ್ಪತ್ತೇಳು ವರ್ಷ. ಮಾರ್ಚ್ ಮೂವತ್ತೊಂದಕ್ಕೆ ಬಿಡುತ್ತಿದ್ದೇನೆ. ಆಮೇಲೆ ಹೊಸ ಊರಲ್ಲಿ, ನನ್ನದೇ ಬಾಗಿಲಿರುವ ಮನೆಯಲ್ಲಿ ಇರಬೇಕೆಂದು ತೀರ್ಮಾನ ಮಾಡಿದ್ದೇನೆ. ಮನೆಯಲ್ಲಿ ಅಕ್ಕ, ಭಾವ, ಎಲ್ಲರಿಗೂ ಖುಷಿಯೇ.

ಬೇರೆಯವರು ಊರು ಆರಿಸುವಾಗ ಹವೆ ನೋಡುತ್ತಾರೆ, ಆಸ್ಪತ್ರೆ ನೋಡುತ್ತಾರೆ. ನಾನು ಸೀಲು ನೋಡುತ್ತೇನೆ. ಸಮುದ್ರದ ಪಕ್ಕದ ಒಂದು ಊರನ್ನು ಎಲ್ಲರೂ ಹೊಗಳುತ್ತಾರೆ. ಅಲ್ಲಿಂದ ಬರುವ ಲಕೋಟೆಗಳ ಮೇಲೆಲ್ಲ ‘ಊರು ಬಿಟ್ಟಿದ್ದಾರೆ’. ಬೆಟ್ಟದ ಊರಿನವುಗಳ ಮೇಲೆ ‘ಪಡೆಯಲು ನಿರಾಕರಿಸಿದ್ದಾರೆ’. ಅಲ್ಲಿ ಜಗಳಗಂಟರು ಜಾಸ್ತಿ ಇರಬೇಕು. ಇನ್ನೊಂದು ಊರಲ್ಲಿ ಯಾವಾಗಲೂ ‘ಬಾಗಿಲು ಹಾಕಿದೆ’. ನಿಮ್ಮ ಊರಲ್ಲಿ ಮಾತ್ರ ಯಾರ ಹೆಸರಿಗೆ ಪತ್ರ ಹೋದರೂ ಆ ಮನುಷ್ಯ ಸಿಗುತ್ತಾನೆ. ಯಾರೂ ಕಳೆದುಹೋಗದ ಊರು ಅದು. ನನಗೆ ಅಂಥದ್ದು ಬೇಕು.

ನೀರು ಹೇಗೆ? ಒಬ್ಬಳೇ ಹೆಂಗಸಿಗೆ ಮನೆ ಕೊಡುತ್ತಾರೆಯೇ? ಮೇಲಿನ ವಿಳಾಸದಲ್ಲಿ ‘ಮೂಲಕ’ ಎಂದಿರುವುದನ್ನು ನೋಡಿ ನಗಬೇಡಿ. ಚಿಕ್ಕವಳಿದ್ದಾಗ ಅಪ್ಪನ ಮೂಲಕ, ಆಮೇಲೆ ಹಾಸ್ಟೆಲಿನ ಮೂಲಕ, ಈಗ ಭಾವನ ಮೂಲಕ. ಜೀವಮಾನವೆಲ್ಲ ಬೇರೆಯವರ ವಿಳಾಸ ಓದಿದ ನನಗೆ ನನ್ನದೇ ಒಂದು ವಿಳಾಸ ಬೇಕು. ಈ ಪತ್ರದ ಸಾರಾಂಶ ಅಷ್ಟೇ.

ಗೂಡುಗಳ ಮುಂದೆ ಕೂರುವವಳು


ಅಂಚೆ ಕಚೇರಿ
ಜನವರಿ ೧೭

ಮಾನ್ಯರೆ,

ತಮ್ಮ ಪತ್ರ ತಲುಪಿದೆ. ಇದು ತಮ್ಮ ಸ್ವಂತ ಪತ್ರವೋ ಇಲಾಖೆಯ ವಿಚಾರಣೆಯೋ ತಿಳಿಯಲಿಲ್ಲ. ದಯವಿಟ್ಟು ತಿಳಿಸುವುದು.

ಇಲ್ಲಿ ಸುಮಾರು ಒಂಬೈನೂರು ಮನೆಗಳಿವೆ. ಬಟವಾಡೆಗೆ ನಾನೊಬ್ಬನೇ, ಇಪ್ಪತ್ತಮೂರು ವರ್ಷದಿಂದ. ಪತ್ರಗಳನ್ನು ನಿಯಮದ ಪ್ರಕಾರ ಅಂದಂದೇ ಹಂಚಲಾಗುತ್ತಿದೆ. ನೀರು ದಿನ ಬಿಟ್ಟು ದಿನ ಬರುತ್ತದೆ. ಆಸ್ಪತ್ರೆ ಚಿಕ್ಕದು. ಮಧ್ಯಾಹ್ನ ಧೂಳು ವಿಪರೀತ. ಬಸ್ಸುಗಳು ಕಡಿಮೆ. ನಿವೃತ್ತರಿಗೆ ಬೇಕಾದ ಅನುಕೂಲ ಏನೂ ಇಲ್ಲ.

ತಾವು ಹೇಳಿದ ಸಮುದ್ರದ ಊರು ಚೆನ್ನಾಗಿದೆ ಎಂದು ನಾನೂ ಕೇಳಿದ್ದೇನೆ.

ತಮ್ಮ ವಿಧೇಯ,
ಅಂಚೆಯವ


ಭಾವನವರ ಮೂಲಕ
ಜನವರಿ ೨೫

ಅಂಚೆಯಣ್ಣನವರಿಗೆ,

ಸ್ವಂತ ಪತ್ರ, ಸ್ವಂತ ಪತ್ರ. ನಿಮ್ಮ ಉತ್ತರ ಓದಿ ನಗು ತಡೆಯಲಾಗಲಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುವುದು ನಿಮ್ಮಂಥವರನ್ನು ನೋಡಿಯೇ. ಇನ್ನೊಬ್ಬರಾಗಿದ್ದರೆ ಇಪ್ಪತ್ತಮೂರು ವರ್ಷದಲ್ಲಿ ಒಂದು ಪತ್ರವೂ ವಾಪಸು ಹೋಗಿಲ್ಲ ಎಂದು ಎದೆ ಉಬ್ಬಿಸಿ ಬರೆಯುತ್ತಿದ್ದರು. ನೀವು ಧೂಳಿನ ಸುದ್ದಿ ಬರೆಯುತ್ತೀರಿ.

ನಿಮ್ಮ ಊರಿನ ಬಗ್ಗೆ ನಾನು ಇಲ್ಲಿ ಎಷ್ಟು ಜನರ ಮುಂದೆ ಜಂಬ ಕೊಚ್ಚಿದ್ದೇನೆ ಗೊತ್ತೇ? ನಾಲ್ಕು ವರ್ಷದ ಹಿಂದೆ ಒಬ್ಬ ಬಡಗಿ ನಮ್ಮ ಕಿಟಕಿಗೆ ಬಂದಿದ್ದ. ಮುನಿಸಿಕೊಂಡು ಹೋದ ತಮ್ಮನಿಗೆ ನಿಮ್ಮ ಊರಿನ ವಿಳಾಸಕ್ಕೆ ಪತ್ರ ಹಾಕಿದ್ದನಂತೆ. “ವಾಪಸ್ ಏನಾದ್ರೂ ಬಂದಿದೆಯಾಮ್ಮ?” ಅಂದ. “ಆ ಊರಿಂದ ಯಾವ ಪತ್ರಾನೂ ವಾಪಸ್ ಬರಲ್ಲ ಕಣ್ರೀ, ತಲುಪಿರುತ್ತೆ, ನಿಶ್ಚಿಂತೆಯಾಗಿ ಹೋಗಿ” ಎಂದು ನಾನೇ ಹೇಳಿ ಕಳಿಸಿದೆ.

ಈಗ ನನ್ನ ಮನೆ ಹೇಳುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಅಕ್ಕ ನನ್ನನ್ನು ಕರೆದುಕೊಂಡು ಬಂದು ಹಿತ್ತಲ ಕಡೆಯ ಕೋಣೆ ಕೊಟ್ಟಳು. ಆ ಕೋಣೆಗೆ ಎರಡು ಬಾಗಿಲು. ಒಂದು ಅಡುಗೆಮನೆಗೆ, ಒಂದು ಬಟ್ಟೆ ಒಗೆಯುವ ಜಾಗಕ್ಕೆ. ಒಬ್ಬರು ಇಲ್ಲಿಂದ ಬಂದು ಅಲ್ಲಿಗೆ ಹೋಗುತ್ತಲೇ ಇರುತ್ತಾರೆ. ಯಾರೂ ಬಾಗಿಲು ತಟ್ಟುವುದಿಲ್ಲ, ಕೈಯಲ್ಲಿ ಬಕೆಟ್ ಇರುತ್ತದಲ್ಲ. ಅಕ್ಕನಿಗೆ ಮನೆಯಲ್ಲಿ ‘ಹೈಕೋರ್ಟು’ ಎಂದು ಹೆಸರು. ಅವಳು ತೀರ್ಪು ಕೊಟ್ಟರೆ ಮೇಲ್ಮನವಿ ಇಲ್ಲ. ಅಕ್ಕನ ಅಳಿಯ ಎಲ್ಲದಕ್ಕೂ ಪಟ್ಟಿ ಮಾಡುವವನು. ನಿವೃತ್ತರಾದವರು ಎಲ್ಲಿ ಇರಬೇಕು ಎಂದು ಹನ್ನೆರಡು ಊರುಗಳಿಗೆ ಅಂಕ ಹಾಕಿಟ್ಟಿದ್ದಾನೆ. ನಿಮ್ಮ ಊರಿಗೆ ನೂರಕ್ಕೆ ಹದಿನೇಳು.

ಹದಿನೇಳು ನನಗೆ ಸಾಕು. ಮನೆಗಳ ವಿಷಯ ಬರೆಯಿರಿ.

ಗೂಡುಗಳವಳು


ಅಂಚೆ ಕಚೇರಿ
ಫೆಬ್ರವರಿ ೫

ಅಮ್ಮನವರಿಗೆ ನಮಸ್ಕಾರ.

ಸ್ವಂತ ಪತ್ರ ಎಂದು ತಿಳಿದು ಮನಸ್ಸು ಹಗುರವಾಯಿತು. ಮೊದಲ ಪತ್ರ ನನ್ನಾಕೆಗೆ ಓದಿ ಹೇಳಿದಾಗ ಅವಳು “ಆ ಅಮ್ಮ ಮನೆ ಕೇಳಿದ್ರೆ ನೀವು ಕೋರ್ಟಿಗೆ ಹೇಳಿಕೆ ಕೊಟ್ಟಂಗೆ ಬರೆದಿದೀರಲ್ಲ” ಎಂದು ಬೈದಳು. ಬೈದದ್ದು ಸರಿಯೇ.

ಮೂರು ಮನೆಗಳು ಖಾಲಿ ಇವೆ. ಒಂದು ಬೇಕರಿಯ ಹಿಂದೆ. ಬೇಕರಿಯ ಒಲೆ ಆ ಮನೆಯ ಗೋಡೆಗೇ ಅಂಟಿಕೊಂಡಿದೆ, ಚಳಿಗಾಲದಲ್ಲಿ ಮಾತ್ರ ಸುಖ. ಎರಡನೆಯದು ಶಾಲೆಯ ಪಕ್ಕ. ನಿಮಗೆ ಮಗ್ಗಿ ಮರೆತುಹೋಗಿದ್ದರೆ ದಿನಾ ಬೆಳಿಗ್ಗೆ ಬಿಟ್ಟಿಯಾಗಿ ಕೇಳಬಹುದು. ಮೂರನೆಯದು ಗಡಿಯಾರ ರಿಪೇರಿ ಅಂಗಡಿಯ ಮೇಲೆ. ಎರಡು ವರ್ಷದಿಂದ ಬೀಗ ಹಾಕಿದೆ. ಹತ್ತೊಂಬತ್ತು ಮೆಟ್ಟಿಲು, ಒಂದು ಕೋಣೆ, ಅಡುಗೆಗೆ ಒಂದು ಮೂಲೆ, ಬೀದಿಗೆ ದೊಡ್ಡ ಕಿಟಕಿ. ಕಿಟಕಿಯಿಂದ ಬಸ್ ನಿಲ್ದಾಣವೂ ಅದರಾಚೆ ನೀರಿನ ಟ್ಯಾಂಕೂ ಕಾಣುತ್ತವೆ. ಮನೆಯ ಯಜಮಾನರೇ ಗಡಿಯಾರದವರು. ಯಾರು ಏನು ಕೇಳಿದರೂ “ಒಂದ್ನಿಮಿಷ” ಎನ್ನುತ್ತಾರೆ, ಊರಲ್ಲಿ ಅವರ ಹೆಸರೇ ಒಂದ್ನಿಮಿಷದವರು. ನನ್ನ ಕೈಗಡಿಯಾರ ಅವರ ಒಂದು ನಿಮಿಷದಲ್ಲಿ ಎಂಟು ತಿಂಗಳು ಇತ್ತು.

ಒಂದು ಮಾತು ಅಮ್ಮ. ನಮ್ಮ ಊರನ್ನು ಖಾಲಿ ಗೂಡಿನಿಂದ ಅಳೆಯಬೇಡಿ. ದೂರದ ಬೆಟ್ಟ ನುಣ್ಣಗೆ. ತೀರ್ಮಾನ ಮಾಡುವ ಮುಂಚೆ ಒಂದು ಸಲ ಬಂದು ನೋಡಿ.

ಅಂಚೆಯವ


ಭಾವನವರ ಮೂಲಕ
ಫೆಬ್ರವರಿ ೧೪

ಅಂಚೆಯಣ್ಣನವರಿಗೆ,

ಗಡಿಯಾರ ಅಂಗಡಿಯ ಮೇಲಿನ ಮನೆ. ನೋಡುವುದು ಬೇಡ, ಅದೇ. ಹತ್ತೊಂಬತ್ತು ಮೆಟ್ಟಿಲು ಹತ್ತಿ ಬರುವವರ ಕೈಯಲ್ಲಿ ಬಕೆಟ್ ಇರುವುದಿಲ್ಲ.

ಇನ್ನು ಒಂದು ತಪ್ಪೊಪ್ಪಿಗೆ. ಮನೆಯಲ್ಲಿ ಎಲ್ಲರಿಗೂ ಖುಷಿ ಎಂದು ಬರೆದಿದ್ದೆ. ಅದು ಸುಳ್ಳು. ಅವರಿಗೆ ಗೊತ್ತೇ ಇರಲಿಲ್ಲ. ಮೊನ್ನೆ ಭಾನುವಾರ ಎಲ್ಲರೂ ಕೂತಿದ್ದಾಗ ಹೇಳಿದೆ.

ಅಕ್ಕ ಬಟ್ಟೆ ಮಡಿಸುತ್ತಿದ್ದವಳು ನಿಲ್ಲಿಸಲಿಲ್ಲ. “ಯಾವ ಊರು?” ಅಂದಳು. ಹೇಳಿದೆ. “ಅಲ್ಲಿ ಯಾರಿದಾರೆ ನಿಂಗೆ?” ಅಂದಳು. ಯಾರೂ ಇಲ್ಲ ಅಂದೆ. “ಇಲ್ಲಿ ಎಲ್ರೂ ಇದೀವಲ್ಲೇ. ಮಗಳು ಮತ್ತೆ ಕೆಲಸಕ್ಕೆ ಹೋಗ್ತಾಳೆ. ಹೇಗಿದ್ರೂ ನೀನು ಮನೇಲಿರ್ತೀಯ ಅಂತ ಮಗೂಗೆ ಆಯಾ ಬೇಡ ಅಂದ್ಬಿಟ್ಟೆ.” ಅವಳು ಕೆಟ್ಟವಳಲ್ಲ ಅಣ್ಣ. ದಿಕ್ಕಿಲ್ಲದ ಹೊತ್ತಿನಲ್ಲಿ ಕರೆದು ಅನ್ನ ಹಾಕಿದವಳು. ಅವಳ ಮುಖ ನೋಡಿ ನನ್ನ ಬಾಯಿಂದ ‘ಆಗಲ್ಲ’ ಎಂಬ ಮಾತು ಹೊರಡಲಿಲ್ಲ. “ನೋಡೋಣ” ಅಂದೆ.

ಅಕ್ಕನ ಅಳಿಯ ನಕ್ಕ. “ಚಿಕ್ಕತ್ತೆ, ಒಂದೂ ಪತ್ರ ವಾಪಸ್ ಬರಲ್ಲ ಅಂದ್ರೆ ಒಂದೋ ಆ ಊರಲ್ಲಿ ದೇವತೆಗಳಿದಾರೆ, ಇಲ್ಲಾ ಪೋಸ್ಟ್‌ಮ್ಯಾನ್ ಸೋಮಾರಿ” ಅಂದ. ನನಗೆ ಮೈ ಉರಿಯಿತು. ನಿಮ್ಮ ಪರವಾಗಿ ಅರ್ಧ ಗಂಟೆ ವಾದ ಮಾಡಿದೆ. ಆಮೇಲೆ ರಾತ್ರಿಯ ಊಟ ತಣ್ಣಗಾಗಿತ್ತು.

ಒಂದ್ನಿಮಿಷದವರಿಗೆ ನನ್ನ ಮಾತು ಮುಟ್ಟಿಸಿ. ಏಪ್ರಿಲಿನಲ್ಲಿ ಬರುತ್ತೇನೆ.

ಗೂಡುಗಳವಳು


ಅಂಚೆ ಕಚೇರಿ
ಮಾರ್ಚ್ ೨೦

ಅಮ್ಮನವರಿಗೆ,

ಒಂದು ತಿಂಗಳಾಯಿತು, ನಿಮ್ಮ ಕಾಗದವಿಲ್ಲ. ಆರೋಗ್ಯವೇ?

ಒಂದ್ನಿಮಿಷದವರು ಒಪ್ಪಿದ್ದಾರೆ. ಒಪ್ಪಲು ಹದಿನಾರು ದಿನ ಬೇಕಾಯಿತು. ನಾನೂ ನನ್ನಾಕೆಯೂ ಹೋಗಿ ಮನೆ ಗುಡಿಸಿದೆವು. ಮೇಲಿನ ಕೋಣೆಯಲ್ಲಿ ನಿಂತುಹೋದ ಹಳೇ ಗೋಡೆ ಗಡಿಯಾರಗಳೇ ನಲವತ್ತು ಇದ್ದವು. ಎಲ್ಲವನ್ನೂ ಕೆಳಗಿಳಿಸಿದ್ದೇವೆ. ಬಾಗಿಲಿಗೆ ಬಣ್ಣ ಹೊಡೆಸುತ್ತಾರಂತೆ. ಯಾವ ಬಣ್ಣ ಬೇಕು ಬರೆಯಿರಿ.

ಸುಮ್ಮನೆ ಒಂದು ವಿಷಯ ಕೇಳುತ್ತೇನೆ. ಆ ಮನೆಗೆ ನಿಮಗಿಂತ ಮುಂಚೆ ಬೇರೆ ಯಾರಾದರೂ ಅಮ್ಮನವರು ಬರುವ ಮಾತು ನಿಮ್ಮ ಕಿವಿಗೆ ಬಿದ್ದಿದೆಯೇ? ಇಲ್ಲದಿದ್ದರೆ ಬಿಡಿ.

ಅಂಚೆಯವ


ಭಾವನವರ ಮೂಲಕ
ಮಾರ್ಚ್ ೨೪

ಅಂಚೆಯವರಿಗೆ,

ಕಾಗದ ಬರೆಯದೆ ಸುಮ್ಮನಿದ್ದದ್ದು ಬೇಕೆಂದೇ. ನಾನು ಒಂದು ಪತ್ರದ ದಾರಿ ಕಾಯುತ್ತಿದ್ದೆ. ಅದು ಬರಲಿಲ್ಲ.

ಫೆಬ್ರವರಿ ಹದಿನೈದರಂದು ನಿಮ್ಮ ಊರಿಗೆ ಒಂದು ಕಂದು ಲಕೋಟೆ ಹಾಕಿದೆ. ಅಕ್ಷರ ನನ್ನ ಪಕ್ಕದ ಮೇಜಿನವಳದ್ದು, ಹಿಂಬದಿಯ ವಿಳಾಸವೂ ಅವಳದ್ದೇ. ಮೇಲೆ ಬರೆಸಿದ್ದು ‘ಹೊಸದಾಗಿ ಬಂದಿರುವ ಅಮ್ಮನವರಿಗೆ, ಗಡಿಯಾರ ಅಂಗಡಿ ಮೇಲಿನ ಮನೆ’. ಆ ಮನೆಗೆ ಬೀಗ ಹಾಕಿದೆ ಎಂದು ನೀವೇ ಬರೆದಿದ್ದಿರಿ. ಅಂಥ ಅಮ್ಮ ಇಲ್ಲ. ಏಳು ದಿನ ಇಟ್ಟುಕೊಂಡು, ‘ವಿಳಾಸದಾರರು ಇಲ್ಲ’ ಎಂದು ಸೀಲು ಹೊಡೆದು ವಾಪಸು ಕಳಿಸಬೇಕು. ಆ ಸೀಲನ್ನು ತಂದು ಅಳಿಯನ ಮುಖಕ್ಕೆ ಹಿಡಿದು, ‘ನೋಡು, ಇದ್ದವರಿಗೆ ಮುಟ್ಟಿಸ್ತಾರೆ, ಇಲ್ಲದವರದ್ದು ವಾಪಸ್ ಕಳಿಸ್ತಾರೆ, ಇವರು ಸೋಮಾರಿಯಲ್ಲ’ ಎನ್ನಬೇಕೆಂದಿದ್ದೆ. ನಿಮ್ಮನ್ನು ಪರೀಕ್ಷಿಸಲಿಲ್ಲ, ನಿಮ್ಮನ್ನು ಗೆಲ್ಲಿಸಲು ಹೊರಟಿದ್ದೆ.

ಇಂದಿಗೆ ಮೂವತ್ತೇಳು ದಿನ. ಪತ್ರ ಎಲ್ಲಿದೆ?

ಇನ್ನು ಏಳು ದಿನಕ್ಕೆ ನನ್ನ ಕೆಲಸ ಮುಗಿಯುತ್ತದೆ. ನಾನು “ನೋಡೋಣ” ಅಂದದ್ದನ್ನು ಅಕ್ಕ “ಆಗಲಿ” ಎಂದು ತಿಳಿದುಕೊಂಡಳು. ಮೊನ್ನೆ ನನ್ನ ಕೋಣೆಗೆ ಮಗುವಿನ ತೊಟ್ಟಿಲು ಬಂತು, ನನ್ನ ಹಾಸಿಗೆ ಹಾಲಿನ ಮೂಲೆಗೆ ಹೋಯಿತು. ಇಲ್ಲಿ ಕೋಣೆ ಇಲ್ಲ, ಅಲ್ಲಿ ಊರೇ ಸುಳ್ಳಾದರೆ ನಾನು ಎಲ್ಲಿಗೆ ಹೋಗಲಿ? ಇಪ್ಪತ್ತೆರಡು ವರ್ಷ ಒಂದು ಖಾಲಿ ಗೂಡನ್ನು ನಂಬಿದವಳಿಗೆ ನಿಜ ಹೇಳಿ. ಧೂಳು, ಬಸ್ಸು, ಬಾಗಿಲ ಬಣ್ಣ ಏನೂ ಬೇಡ.


ಮನೆಯಿಂದ
ಮಾರ್ಚ್ ೨೮

ಅಮ್ಮನವರಿಗೆ,

ನಿಮ್ಮ ಪತ್ರ ನನ್ನ ಬಳಿ ಇದೆ. ನಮ್ಮ ಮಂಚದ ಕೆಳಗೆ ಒಂದು ತಗಡಿನ ಪೆಟ್ಟಿಗೆ ಇದೆ, ಅದರಲ್ಲಿ. ಅದರ ಜೊತೆಗೆ ಇನ್ನೂ ನೂರಾ ಎಂಬತ್ತೇಳು ಪತ್ರಗಳಿವೆ. ಒಂದನ್ನೂ ಒಡೆದಿಲ್ಲ. ಒಂದನ್ನೂ ವಾಪಸು ಕಳಿಸಿಲ್ಲ. ನಿಮ್ಮ ಗೂಡು ಖಾಲಿ ಇದ್ದದ್ದು ಇದಕ್ಕೆ.

ನಿಮ್ಮ ಮೊದಲ ಕಾಗದ ನೋಡಿ ವಿಚಾರಣೆಯೇ ಬಂತೆಂದುಕೊಂಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಬರೆದೆ. ನೀವು ಅದನ್ನು ವಿನಯ ಅಂದಿರಿ. ನಾನೂ ಸುಮ್ಮನಾದೆ. ಹೊಗಳಿಕೆ ಯಾರಿಗೆ ಬೇಡ? ಇಲ್ಲಿಗೆ ಆರು ಜನ ಪೋಸ್ಟ್ ಮಾಸ್ಟರುಗಳು ಬಂದು ಹೋದರು, ಆರು ಜನವೂ ನನ್ನ ಕೆಲಸ ಹೊಗಳಿದರು.

ಇದು ಶುರುವಾದದ್ದು ನನ್ನ ಮೊದಲ ವರ್ಷ. ಒಂದು ಹೆಸರಿಗೆ ಪತ್ರ ಬಂತು. ಊರೆಲ್ಲ ಕೇಳಿದೆ, ಅಂಥವರು ಇಲ್ಲ ಅಂದರು. ಏಳನೇ ದಿನ ಸೀಲು ಹೊಡೆದು ಕಳಿಸಿದೆ. ಅದೇ ತಿಂಗಳು ಲಾರಿ ಶೆಡ್ಡಿನಲ್ಲಿ ಪಂಕ್ಚರ್ ಹಾಕುವ ಒಬ್ಬ ದಿನಾ ಕಚೇರಿಗೆ ಬಂದು “ನಂಗೇನಾದ್ರೂ ಬಂತಾ ಸಾರ್?” ಎಂದು ಕೇಳುತ್ತಿದ್ದ. ಎಲ್ಲರೂ ಅವನನ್ನು ಕರಿಯ ಎನ್ನುತ್ತಿದ್ದರು. ನಾನೂ ಅದೇ ಅವನ ಹೆಸರೆಂದುಕೊಂಡಿದ್ದೆ. ನಿಜವಾದ ಹೆಸರು ತಿಳಿದದ್ದು ತಾಯಿ ಸತ್ತ ಸುದ್ದಿ ಹೊತ್ತು ಅವನ ಕಡೆಯವರು ಬಂದಾಗ. ನಾನು ವಾಪಸು ಕಳಿಸಿದ್ದು ಅವನ ತಾಯಿಯ ಪತ್ರ. “ಬಿಡಿ ಸಾರ್, ನಿಮ್ಗೇನ್ಗೊತ್ತು” ಅಂದ ಅವನು. ಬೈದಿದ್ದರೆ ಮರೆಯುತ್ತಿದ್ದೆನೇನೋ.

ಅಂದಿನಿಂದ ‘ಇಲ್ಲ’ ಎಂಬ ಸೀಲು ಎತ್ತಲು ಕೈ ಬರಲಿಲ್ಲ. ಸಿಗದಿದ್ದರೆ ಇನ್ನೊಂದು ವಾರ ಹುಡುಕೋಣ ಎಂದು ಮನೆಗೆ ತಂದೆ. ವಾರ ತಿಂಗಳಾಯಿತು, ತಿಂಗಳು ವರ್ಷವಾಯಿತು. ಕೆಲವರು ಸಿಕ್ಕಿದರು ಅಮ್ಮ, ಆ ಮಾತು ಸುಳ್ಳಲ್ಲ. ಮೂರು ವರ್ಷದ ಮೇಲೆ ಸಿಕ್ಕವರೂ ಇದ್ದಾರೆ. ಉಳಿದವು ಉಳಿದವು.

ನಿಮ್ಮ ಕಂದು ಲಕೋಟೆ ಯಾರದ್ದೆಂದು ನನಗೆ ಗೊತ್ತಿರಲಿಲ್ಲ. ಮೂರು ಸಲ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆ. ಬೀಗ ಹಾಕಿದ ಬಾಗಿಲನ್ನು ತಟ್ಟುತ್ತೀರಲ್ಲ ಎಂದು ಒಂದ್ನಿಮಿಷದವರು ನಕ್ಕರು. ಹೊಸದಾಗಿ ಬಂದಿರುವ ಅಮ್ಮನವರು ಎಂದಿತ್ತು. ಇನ್ನೂ ಬಂದಿಲ್ಲ ಅಷ್ಟೇ ಎಂದುಕೊಂಡೆ.

ನನಗೆ ಇನ್ನು ಎರಡು ವರ್ಷ ಸೇವೆ ಇದೆ. ಮೇಲಿನವರಿಗೆ ನೀವು ತಿಳಿಸಬಹುದು, ತಿಳಿಸಿದರೆ ನನಗೆ ಸಿಟ್ಟಿಲ್ಲ. ನೀವು ಮಾತ್ರ ಬೇರೆ ಊರು ನೋಡಿಕೊಳ್ಳಿ.

ಅಂಚೆಯವ


ಭಾವನವರ ಮೂಲಕ, ಹಾಲಿನ ಮೂಲೆಯಿಂದ
ಏಪ್ರಿಲ್ ೩

ಅಂಚೆಯಣ್ಣನವರಿಗೆ,

ನಿಮ್ಮ ಪತ್ರ ನನಗೆ ಸಿಕ್ಕಿದ್ದು ಕೆಲಸದ ಕೊನೆಯ ದಿನ. ಹಾರ ಹಾಕಿದರು, ಎರಡು ಮಾತಾಡಿದರು. ನಾನು ನಿಮ್ಮ ಗೂಡಿನಿಂದ ಊಟದ ಡಬ್ಬಿ ತೆಗೆದುಕೊಂಡೆ. ಗೂಡು ನಿಜವಾಗಿ ಖಾಲಿಯಾಯಿತು. ಮನೆಗೆ ಬರುವವರೆಗೂ ನಿಮ್ಮನ್ನು ಬೈಯುತ್ತಲೇ ಬಂದೆ. ಬಸ್ಸಿನಲ್ಲಿ ಪಕ್ಕದ ಹೆಂಗಸು ಸ್ವಲ್ಪ ಆಚೆ ಸರಿದು ಕೂತಳು.

ಮೊದಲು ಬೈಗುಳ. ಮರಳಿ ಬಂದ ಪತ್ರ ಕೈಗೆ ಕೊಟ್ಟಾಗ ಜನರ ಮುಖ ನಾನು ನೋಡಿದ್ದೇನೆ, ನೀವು ನೋಡಿಲ್ಲ. ಅಳುತ್ತಾರೆ, ನಿಜ. ಆದರೆ ಅವತ್ತಿಗೆ ಕಾಯುವುದು ನಿಲ್ಲುತ್ತದೆ. ಬೇರೆ ವಿಳಾಸ ಹುಡುಕುತ್ತಾರೆ, ಇಲ್ಲವೇ ಬಿಟ್ಟುಬಿಡುತ್ತಾರೆ. ‘ಇಲ್ಲ’ ಎನ್ನುವುದೂ ಒಂದು ಉತ್ತರವೇ ಅಣ್ಣ. ಒಬ್ಬ ತಾಯಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದೆಂದು ನೂರಾ ಎಂಬತ್ತೇಳು ಜನರನ್ನು ಬಾಗಿಲಲ್ಲಿ ಕೂರಿಸಿಬಿಟ್ಟಿರಿ.

ಇನ್ನು ನನ್ನ ಪಾಲು. ಆ ಬಡಗಿಯ ವಿಷಯ ಬರೆದಿದ್ದೆ. “ತಲುಪಿರುತ್ತೆ” ಎಂದು ನಾನು ಹೇಳಿದಾಗ ಅವನ ಮುಖ ಇಳಿದುಹೋಯಿತು. “ಹಾಗಾದ್ರೆ ಓದಿನೂ ಸುಮ್ನಿದಾನೆ” ಅಂದ. ಅದನ್ನು ನಿಮಗೆ ಬರೆಯಲಿಲ್ಲ, ಯಾಕೆಂದರೆ ನಿಮ್ಮ ಊರಿನ ಹೆಮ್ಮೆಯಲ್ಲಿ ಅದು ನನಗೆ ಕಾಣಲೇ ಇಲ್ಲ. ಪೆಟ್ಟಿಗೆಗೆ ಬೀಗ ಹಾಕಿದವರು ನೀವು, ಎದುರಿಗೆ ಕಾವಲು ಕೂತವಳು ನಾನು.

ನಿಮ್ಮ ಪತ್ರವನ್ನು ಮೂರು ಸಲ ಓದಿದ ಮೇಲೆ ನಾನು ಎದ್ದು ಅಡುಗೆಮನೆಗೆ ಹೋದೆ. “ಅಕ್ಕ, ನಾನು ಮಗು ನೋಡ್ಕೊಳಲ್ಲ. ನಾನು ಹೋಗ್ತಿದೀನಿ. ನೋಡೋಣ ಅಂದಿದ್ದು ತಪ್ಪು” ಅಂದೆ. ಹೈಕೋರ್ಟು ಕೂಗಾಡುತ್ತದೆ ಎಂದುಕೊಂಡಿದ್ದೆ. ಅವಳು ಸೌಟು ಕೆಳಗಿಟ್ಟು, “ಮೊದ್ಲೇ ಹೇಳಿದ್ರೆ ಆಯಾ ಗೊತ್ತು ಮಾಡ್ತಿದ್ನಲ್ಲೇ. ಒಂದೂವರೆ ತಿಂಗಳು ಸುಮ್ನೆ ಕಾದೆ” ಅಂದಳು. ಅಷ್ಟೇ. ಇಪ್ಪತ್ತೆರಡು ವರ್ಷ ಅಷ್ಟಕ್ಕೆ ಹೆದರಿದ್ದೆ. ಆಮೇಲೆ ಇಬ್ಬರೂ ಅತ್ತೆವು, ಅದು ಬೇರೆ ಮಾತು.

ಈಗ ನನ್ನ ತೀರ್ಮಾನ. ನಾನು ನಿಮ್ಮ ಊರಿಗೇ ಬರುತ್ತೇನೆ. ಯಾರೂ ಕಳೆದುಹೋಗದ ಊರು ಎಂದು ಹುಡುಕಿದೆ, ಅಂಥದ್ದು ಎಲ್ಲೂ ಇಲ್ಲ. ಆದರೆ ಇಲ್ಲದ ಹೆಂಗಸಿಗಾಗಿ ಮೂರು ಸಲ ಹತ್ತೊಂಬತ್ತು ಮೆಟ್ಟಿಲು ಹತ್ತಿದ ಒಬ್ಬ ಮನುಷ್ಯ ಇರುವ ಊರು ಒಂದಿದೆ. ಅಷ್ಟು ಸಾಕು, ಮಿಕ್ಕ ಎಂಬತ್ತಮೂರು ಅಂಕ ಅಳಿಯನೇ ಇಟ್ಟುಕೊಳ್ಳಲಿ.

ಒಂದು ಷರತ್ತು. ಮೇಲಿನವರಿಗೆ ನಾನು ತಿಳಿಸುವುದಿಲ್ಲ, ನೀವೇ ಹೋಗಿ ಹೇಳಬೇಕು. ಪೆಟ್ಟಿಗೆಯನ್ನು ಪೋಸ್ಟ್ ಮಾಸ್ಟರರ ಮೇಜಿನ ಮೇಲಿಡಬೇಕು. ಪ್ರತಿ ಪತ್ರಕ್ಕೂ ಸೀಲು, ಜೊತೆಗೆ ತಡವಾದುದಕ್ಕೆ ಕ್ಷಮೆ ಕೇಳುವ ಒಂದು ಚೀಟಿ. ಹಳೆಯದರಿಂದ ಶುರು ಮಾಡಿ. ಹೆಚ್ಚು ಕಾದವರಿಗೆ ಮೊದಲು. ಅದು ಮುಗಿಯುವವರೆಗೆ ನಾನು ಬಸ್ಸು ಹತ್ತುವುದಿಲ್ಲ.

ಬಾಗಿಲಿಗೆ ಹಳದಿ ಬಣ್ಣ.

ಗೂಡುಗಳವಳಾಗಿದ್ದವಳು


ಅಂಚೆ ಕಚೇರಿ
ಏಪ್ರಿಲ್ ೧೯

ಅಮ್ಮನವರಿಗೆ ನಮಸ್ಕಾರ.

ಪೆಟ್ಟಿಗೆಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋದೆ. ನನ್ನಾಕೆಯೂ ಜೊತೆಗೆ ನಡೆದು ಬಂದಳು. “ನೀವು ದಾರೀಲಿ ಯಾರಾದ್ರೂ ಸಿಕ್ತಾರಾ ಅಂತ ನಿಂತ್ಕೊಂಬಿಡ್ತೀರ” ಅಂದಳು. ಪೋಸ್ಟ್ ಮಾಸ್ಟರರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಒಂದೊಂದೇ ಲಕೋಟೆ ಎತ್ತಿ ಎಣಿಸಿ ಮೇಲಕ್ಕೆ ಬರೆದರು. ಮೇಲಿನಿಂದ ಸಾಹೇಬರು ಬಂದು ಹೇಳಿಕೆ ತೆಗೆದುಕೊಂಡರು. ಲಿಖಿತ ಎಚ್ಚರಿಕೆ ಕೊಟ್ಟಿದ್ದಾರೆ. ಇನ್ನು ವಾರಕ್ಕೊಮ್ಮೆ ನನ್ನ ಚೀಲ ತಪಾಸಣೆ. ಬಟವಾಡೆ ನನ್ನದೇ, ಯಾಕೆಂದರೆ ಬೇರೆಯವರಿಗೆ ಮನೆಗಳು ಗೊತ್ತಿಲ್ಲ.

ಆರು ದಿನ ಸೀಲು ಹೊಡೆದೆ. ಮೊದಲನೆಯದಕ್ಕೆ ಸೀಲು ಎತ್ತಿ ಕಾಲು ಗಂಟೆ ಕೂತಿದ್ದೆ. ಐವತ್ತಾದ ಮೇಲೆ ಕೈ ತಾನಾಗಿ ಹೋಗತೊಡಗಿತು, ಅದೂ ನನಗೆ ಇಷ್ಟವಾಗಲಿಲ್ಲ. ಆಮೇಲೆ ಪ್ರತಿಯೊಂದರ ವಿಳಾಸವನ್ನೂ ಬಾಯಿಬಿಟ್ಟು ಓದಿ ಹೊಡೆದೆ. ನಿಮ್ಮ ಬಡಗಿಯದು ನೂರಾ ಐವತ್ತನೆಯದೋ ಏನೋ. ಅವನ ತಮ್ಮ ಈ ಊರಿಗೆ ಬಂದೇ ಇರಲಿಲ್ಲ ಎಂದು ಕಾಣುತ್ತದೆ. ಅಂಥವರನ್ನು ಯಾರೂ ನೋಡಿಲ್ಲ.

ನೂರಾ ಎಂಬತ್ತೇಳು ಹೋದವು. ಪೆಟ್ಟಿಗೆಯಲ್ಲಿ ಈಗ ನನ್ನಾಕೆ ಚಳಿಯ ಬಟ್ಟೆ ಇಟ್ಟಿದ್ದಾಳೆ.

ಒಂದು ಉಳಿದಿದೆ. ಕಂದು ಲಕೋಟೆ. ಸಾಹೇಬರು ಅದಕ್ಕೂ ‘ಇಲ್ಲ’ ಹೊಡೆಯಿರಿ ಅಂದರು. ವಿಳಾಸದಾರರು ಬರುವ ದಾರಿಯಲ್ಲಿದ್ದಾರೆ, ತಿಂಗಳ ಕೊನೆಯವರೆಗೆ ಸಮಯ ಕೊಡಿ ಎಂದು ಕೇಳಿದೆ. ಏನು ಮಾಡಲಿ?

ಅಂಚೆಯವ


ಭಾವನವರ ಮೂಲಕ, ಕೊನೆಯ ಸಲ
ಏಪ್ರಿಲ್ ೨೫

ಅಂಚೆಯಣ್ಣನವರಿಗೆ,

ಬಡಗಿಯ ಪತ್ರ ನಮ್ಮ ಕಚೇರಿಗೆ ಬಂತೆಂದು ಪಕ್ಕದ ಮೇಜಿನವಳು ಹೇಳಿ ಕಳಿಸಿದಳು. ಹಂಚುವವರ ಜೊತೆ ನಾನೂ ಹೋದೆ. ಅವನು ಒಂದು ಬಾಗಿಲಿಗೆ ಉಜ್ಜುಕಾಗದ ಹಾಕುತ್ತಿದ್ದ. ಸೀಲನ್ನೂ ನಿಮ್ಮ ಚೀಟಿಯನ್ನೂ ಎರಡೆರಡು ಸಲ ಓದಿದ. ನಾನು ನನ್ನ ತಪ್ಪು ಹೇಳಿಕೊಂಡೆ. ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ. “ಹಾಗಾದ್ರೆ ಅವನು ಓದೇ ಇಲ್ಲ” ಅಂದ. ಮತ್ತೆ, “ಅವನಿಗೆ ಗೊತ್ತೇ ಇಲ್ಲ ನಾನು ಕರೆದಿದ್ದು” ಅಂದ. ಅಲ್ಲೇ ಮರದ ಪುಡಿಯ ಮೇಲೆ ಕೂತುಬಿಟ್ಟ. ನಾಲ್ಕು ವರ್ಷದಿಂದ ಹೊತ್ತಿದ್ದ ಮೂಟೆ ಇಳಿಸಿದವನ ಹಾಗಿದ್ದ. ತಮ್ಮ ಬೇರೆ ಎಲ್ಲಿ ಇರಬಹುದು ಎಂದು ನನ್ನನ್ನೇ ಕೇಳಿದ. ಹುಡುಕುವ ದಾರಿ ಎರಡು ಮೂರು ಹೇಳಿಕೊಟ್ಟು ಬಂದೆ.

ಇಪ್ಪತ್ತೊಂಬತ್ತಕ್ಕೆ ಬೆಳಗಿನ ಬಸ್ಸಿಗೆ ಬರುತ್ತೇನೆ. ಎರಡು ಟ್ರಂಕು, ಒಂದು ಊಟದ ಡಬ್ಬಿ. ಅಕ್ಕನೂ ಬರುತ್ತೇನೆ ಎನ್ನುತ್ತಿದ್ದಾಳೆ, ಮೆಟ್ಟಿಲು ಎಣಿಸಿ ನೋಡಲು. ಒಂದು ರಾತ್ರಿಗೆ ಮಾತ್ರ ಎಂದು ಸ್ಪಷ್ಟವಾಗಿ ಹೇಳಿದ್ದೇನೆ.

ಕಂದು ಲಕೋಟೆಯನ್ನು ಬಸ್ ನಿಲ್ದಾಣದಲ್ಲಿ ಕೈಗೆ ಕೊಡಬೇಡಿ. ಬಟವಾಡೆ ವಿಳಾಸದಲ್ಲೇ ಆಗಬೇಕು, ನಿಯಮ ನಿಮಗೂ ಗೊತ್ತು.


(ಕಂದು ಲಕೋಟೆಯ ಮೇಲೆ, ಪೆನ್ಸಿಲಿನಲ್ಲಿ)

ಫೆಬ್ರವರಿ ೨೦. ಬಾಗಿಲು ತಟ್ಟಿದೆ. ಇರಲಿಲ್ಲ.
ಫೆಬ್ರವರಿ ೨೭. ಇರಲಿಲ್ಲ.
ಮಾರ್ಚ್ ೯. ಇರಲಿಲ್ಲ.
ಏಪ್ರಿಲ್ ೩೦. ಇದ್ದರು. ಬಟವಾಡೆ ಆಯಿತು.


(ಒಳಗಿನ ಪತ್ರ)

ಫೆಬ್ರವರಿ ೧೫

ಹೊಸದಾಗಿ ಬಂದಿರುವ ಅಮ್ಮನವರಿಗೆ,

ನೀವು ಇಲ್ಲ. ಈ ಪತ್ರವನ್ನು ಯಾರೂ ಓದುವುದಿಲ್ಲ, ಹತ್ತು ದಿನಕ್ಕೆ ನನ್ನ ಕೈಗೇ ವಾಪಸು ಬರುತ್ತದೆ. ಖಾಲಿ ಹಾಳೆ ಇಟ್ಟರೆ ಲಕೋಟೆ ತೀರಾ ತೆಳ್ಳಗಾಗುತ್ತದೆ ಎಂದು ಬರೆಯುತ್ತಿದ್ದೇನೆ.

ಎಲ್ಲರ ಮುಂದೆ ಧೈರ್ಯದ ಮಾತಾಡುತ್ತೇನೆ. ನಿಮ್ಮ ಮುಂದೆ ಮುಚ್ಚುಮರೆ ಏಕೆ? ನನಗೆ ಭಯವಿದೆ. ನನಗಾಗಿ ಒಬ್ಬರೂ ಬಾಗಿಲು ತಟ್ಟದ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದೆ. ಈಗ ಬಾಗಿಲಿರುವ ಮನೆಗೆ ಹೋಗಿ, ಅಲ್ಲೂ ಯಾರೂ ತಟ್ಟದಿದ್ದರೆ? ಇಲ್ಲಿ ಬಕೆಟ್ ಹಿಡಿದವರಾದರೂ ಬರುತ್ತಾರೆ.

ನೀವು ಇದ್ದಿದ್ದರೆ ಒಂದೇ ಒಂದು ಮಾತು ಕೇಳುತ್ತಿದ್ದೆ. ಅಲ್ಲಿ ಯಾರಾದರೂ ಬರುತ್ತಾರೆಯೇ?


ಗಡಿಯಾರ ಅಂಗಡಿ ಮೇಲಿನ ಮನೆ
ಮೇ ೧

ಅಂಚೆಯಣ್ಣನವರಿಗೆ,

ಪತ್ರ ತಲುಪಿತು. ನಿನ್ನೆ ಬೆಳಿಗ್ಗೆ ನೀವು ತಟ್ಟಿದಾಗ ಬಾಗಿಲು ತೆಗೆಯಲು ಸ್ವಲ್ಪ ತಡವಾಯಿತು, ಅದು ನನ್ನ ಬಾಗಿಲೇ ಎಂದು ತಿಳಿಯಲಿಲ್ಲ.

ಅದರಲ್ಲಿ ಕೇಳಿದ್ದ ಪ್ರಶ್ನೆಗೆ ನಾನೇ ಉತ್ತರ ಬರೆದಿದ್ದೇನೆ. ಈ ಚೀಟಿಯ ಜೊತೆಗಿದೆ, ಮೇಲೆ ಇದೇ ವಿಳಾಸ. ನಾಳೆ ತಂದುಕೊಡಿ, ನಾನು ಮನೆಯಲ್ಲೇ ಇರುತ್ತೇನೆ.